ಶೀಲ್ಡ್ ಕೊಟ್ಟವರು ಬಿಡಿಸುವುದನ್ನು ಹೇಳಲಿಲ್ಲ

ಕಾಸರಗೋಡಿನ ನಮ್ಮ ಭಾಗದಿಂದ ತಲಪಾಡಿ ದಾಟಿ ಮಂಗಳೂರಿಗೆ ಹೆರಿಗೆಗೆ ಹೋಗುವವರು ಜಾಸ್ತಿ. ವಾಪಸು ಬರುವಾಗ ಕೆಲವರ ಚೀಲದಲ್ಲಿ ನಿಪ್ಪಲ್ ಶೀಲ್ಡ್ ಇರುತ್ತದೆ, ಅಂದರೆ ತೊಟ್ಟಿನ ಮೇಲೆ ಹಾಕಿಕೊಂಡು ಹಾಲೂಡಿಸುವ ತೆಳ್ಳಗಿನ ಸಿಲಿಕೋನ್ ಕವಚ. ಹಾಕುವುದು ಹೇಗೆಂದು ಗೊತ್ತು, ಮಗುವಿಗೆ ಅದರ ಅಭ್ಯಾಸ ಬಿಡಿಸುವುದು ಹೇಗೆಂದು ಯಾರೂ ಹೇಳಿರುವುದಿಲ್ಲ. ಇಂಥವರು ನನ್ನ ಬಳಿಗೆ ಬರುತ್ತಲೇ ಇರುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾಗೆ ಬಂದ ಒಬ್ಬ ತಾಯಿಯ ಕತೆ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಈ ತಾಯಿಗೆ ತೊಟ್ಟು ಚಪ್ಪಟೆ. ಶೀಲ್ಡ್ ಹಾಕಿದ ಮೇಲೆ ಮಗು ಕುಡಿಯಿತು. ತವರಿನಲ್ಲಿ ಬಾಣಂತನ ಮಾಡುತ್ತಿದ್ದ ಅಮ್ಮನಿಗೆ ಅದನ್ನು ಕಂಡರಾಗದು. "ಹಸಿದರೆ ತಾನಾಗಿ ಹಿಡಿಯುತ್ತದೆ" ಎಂದು ಒಂದು ದಿನ ಬಚ್ಚಿಟ್ಟರು. ಮಗು ಅತ್ತೂ ಅತ್ತೂ ಸುಸ್ತಾಯಿತು, ಮೊಲೆ ಮಾತ್ರ ಹಿಡಿಯಲಿಲ್ಲ. ಅಂಚು ಸ್ವಲ್ಪಸ್ವಲ್ಪವೇ ಕತ್ತರಿಸುತ್ತಾ ಬಾ ಎಂದು ಇನ್ನೊಬ್ಬರ ಸಲಹೆ. ಸಿಲಿಕೋನ್ ಕತ್ತರಿಸಿದರೆ ಅಂಚು ಚೂಪಾಗಿ ಮಗುವಿನ ಬಾಯಿಗೆ ತಾಗುತ್ತದೆ. ಅದಂತೂ ಬೇಡವೇ ಬೇಡ.

"ಅವನಿಗೆ ಬೇಕಿರುವುದು ಆ ಪ್ಲಾಸ್ಟಿಕ್, ನಾನಲ್ಲ" ಎಂದಳು ತಾಯಿ. ಸಮಾಧಾನ ಹೇಳುವ ಮೊದಲು ನಾನು ಲೆಕ್ಕ ಕೇಳಿದೆ. ದಿನಕ್ಕೆ ಆರಕ್ಕಿಂತ ಜಾಸ್ತಿ ಬಟ್ಟೆ ಒದ್ದೆ. ವಾರಕ್ಕೆ ಸುಮಾರು 150 ಗ್ರಾಂ ತೂಕ ಏರುತ್ತಿದೆ. ಹಾಗಾದರೆ ಹಾಲು ಹೋಗುತ್ತಿದೆ, ಅವಸರ ಯಾಕೆ? ಹಸಿದು ಅಳುವ ಮಗುವಿಗೆ ಹೊಸದನ್ನು ಕಲಿಯುವ ತಾಳ್ಮೆ ಇರುವುದಿಲ್ಲ. ಕಲಿಸಬೇಕಾದದ್ದು ಅರೆನಿದ್ದೆಯಲ್ಲಿದ್ದಾಗ, ಹೊಟ್ಟೆ ಅರ್ಧ ತುಂಬಿದಾಗ.

ಅವತ್ತು ಹಾಗೇ ಮಾಡಿಸಿದೆ. ಅವಳು ಸ್ವಲ್ಪ ಹಿಂದಕ್ಕೆ ಒರಗಿ, ಮಗುವನ್ನು ಬರಿ ಎದೆಗೆ ಹಾಕಿಕೊಂಡಳು. ಶೀಲ್ಡ್‌ನಲ್ಲೇ ಶುರು. ಹಾಲು ಇಳಿದು ಗುಟುಕು ಕೇಳಿಸತೊಡಗಿದಾಗ ಮೆಲ್ಲಗೆ ತೆಗೆದು, ಎರಡು ಹನಿ ಹಾಲು ಹಿಂಡಿ ತೊಟ್ಟು ಒದ್ದೆ ಮಾಡಿ ಮತ್ತೆ ಕೊಟ್ಟಳು. ಹಿಡಿದ. ಸ್ವಲ್ಪ ಹೊತ್ತು ಕುಡಿದು ಬಿಟ್ಟು ಅತ್ತ. "ನೋಡಿ, ಬಿಟ್ಟ!" ಎಂದಳು. "ಹಿಡಿದದ್ದನ್ನು ನೋಡಲಿಲ್ವಾ? ಈಗ ಶೀಲ್ಡ್ ಹಾಕಿ ಕುಡಿಸು" ಎಂದೆ.

ಅಮ್ಮನಿಗೆ ಅದು ಹಿಡಿಸಲಿಲ್ಲ. ಇಷ್ಟು ಸಲಿಗೆ ಕೊಟ್ಟರೆ ಮಗು ಬಿಡುವುದೇ ಇಲ್ಲ ಎನ್ನುವವರು ನಮ್ಮ ಕೆಲಸದಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪ್ರತಿ ಸಲ ಜಗಳವಾದರೆ ಮಗು ಮೊಲೆ ಕಂಡರೇ ಅಳತೊಡಗುತ್ತದೆ. ಸೋತ ತಾಯಿ ಬಾಟಲಿಗೆ ಹೋಗುತ್ತಾಳೆ. ಶೀಲ್ಡ್ ಇನ್ನೂ ಒಂದು ತಿಂಗಳು ಇದ್ದರೆ ಇಷ್ಟು ನಷ್ಟವಿಲ್ಲ.

ಈಗ ಹಗಲು ಶೀಲ್ಡ್ ಬೇಕಾಗುವುದಿಲ್ಲ. ಸಂಜೆ ರಚ್ಚೆ ಹಿಡಿದಾಗ ಒಮ್ಮೊಮ್ಮೆ ಹಾಕುತ್ತಾಳಂತೆ. ಹಾಕಿಕೊಳ್ಳಲಿ, ಅಂಗನವಾಡಿಯಲ್ಲಿ ತೂಕ ಮಾತ್ರ ನೋಡಿಸುತ್ತಿರು ಎಂದಿದ್ದೇನೆ.