ಮನೆಯ ಲೇತ್‌ನಲ್ಲೇ ಶಾಫ್ಟ್‌ಗೂ ಪುಲ್ಲಿಗೂ ಕೀವೇ ಕಡಿಯಬಹುದೇ?

ನೀವು ಕೇಳಿದ್ದು ಇಷ್ಟು: 20 ಮಿ.ಮೀ. ಶಾಫ್ಟ್‌ಗೆ ಬೀಡಿನ ಪುಲ್ಲಿ ಕೂರಿಸಬೇಕು, ಮನೆಯಲ್ಲಿ ಚಿಕ್ಕ ಲೇತ್ ಮಾತ್ರ ಇದೆ. ಹೋದ ಸಲ ಕೀ (ಶಾಫ್ಟ್‌ನಲ್ಲೂ ಪುಲ್ಲಿಯಲ್ಲೂ ಕಡಿದ ತೋಡಿಗೆ, ಅಂದರೆ ಕೀವೇಗೆ, ಕೂರುವ ಉಕ್ಕಿನ ತುಂಡು) ಸಡಿಲವಾಗಿ ಪುಲ್ಲಿ ಕಟಕಟ ಅಂದಿತು, ಕೀ ಮೇಲೆ ತಗಡು ತುರುಕಿದರೆ ಸರಿಹೋಗುತ್ತಾ?

ಕಡಿಯಬಹುದು. ಆದರೆ ತಗಡು ಮಾತ್ರ ಬೇಡ. ಸಮಾನಾಂತರ ಕೀ (ಉದ್ದಕ್ಕೂ ಒಂದೇ ದಪ್ಪದ ಕೀ) ಕೆಲಸ ಮಾಡುವುದು ಅದರ ಎರಡು ಪಕ್ಕಗಳಿಂದ, ತಲೆಯಿಂದಲ್ಲ. 20ರ ಶಾಫ್ಟ್‌ಗೆ 6×6 ಮಿ.ಮೀ. ಕೀ. ಶಾಫ್ಟ್‌ನಲ್ಲಿ ಆಳ 3.5, ಪುಲ್ಲಿಯಲ್ಲಿ 2.8. ಕೂಡಿಸಿ ನೋಡಿ, 6.3 ಆಯಿತು. ತಲೆ ಮೇಲಿನ ಆ 0.3 ಜಾಗ ಬೇಕಂತಲೇ ಬಿಟ್ಟಿದ್ದು. ಅಲ್ಲಿ ತಗಡು ತುರುಕಿದರೆ ಪುಲ್ಲಿ ಒಂದು ಕಡೆಗೆ ಸರಿದು ಓಲಾಡುತ್ತದೆ. ಪಕ್ಕದ ಸಡಿಲ ಹಾಗೇ ಉಳಿಯುತ್ತದೆ.

ನನ್ನ ಮೊದಲ ಕೀವೇ ಕೂಡ ಹೀಗೇ ಕೆಟ್ಟಿತ್ತು. 6 ಮಿ.ಮೀ. ನಾಲ್ಕು ಹಲ್ಲಿನ ಎಂಡ್‌ಮಿಲ್ ಎಂಬ ಕಟರ್ ಹಾಕಿ ಒಂದೇ ಸಲಕ್ಕೆ ಎಳೆದಿದ್ದೆ. ಕಟರ್ ಬಾಗಿ ಅಗಲ ಜಾಸ್ತಿಯಾಯಿತು. ಎರಡು ವಾರದಲ್ಲಿ ಕೀ ಬಡಿದು ಬಡಿದು ಶಾಫ್ಟ್‌ನ ಅಂಚೇ ಕಿತ್ತುಬಂತು. ಈಗ 5 ಮಿ.ಮೀ.ನ ಎರಡು ಹಲ್ಲಿನ ಸ್ಲಾಟ್ ಡ್ರಿಲ್ (ತೋಡು ಕಡಿಯುವ ಕಟರ್) ಹಿಡಿಯುತ್ತೇನೆ. ಮೊದಲು ಮಧ್ಯದಲ್ಲಿ ಪೂರ್ತಿ ಆಳ, ಆಮೇಲೆ ಎರಡೂ ಪಕ್ಕ ಸ್ವಲ್ಪ ಸ್ವಲ್ಪ ಸವರುವುದು.

ಇದಕ್ಕೆ ಲೇತ್‌ನ ಕ್ರಾಸ್ ಸ್ಲೈಡ್ (ಅಡ್ಡಕ್ಕೆ ಸರಿಯುವ ಭಾಗ) ಮೇಲೆ ಕೂರುವ, ಕೆಲಸದ ತುಂಡನ್ನು ಮೇಲೆ ಕೆಳಗೆ ಸರಿಸುವ ವರ್ಟಿಕಲ್ ಸ್ಲೈಡ್ ಒಂದು ಬೇಕು. ಶಾಫ್ಟನ್ನು ಅದರಲ್ಲಿ ಅಡ್ಡಲಾಗಿ ಬಿಗಿಯಿರಿ, ಕಟರ್ ಸ್ಪಿಂಡಲ್‌ನ (ಲೇತ್‌ನ ತಿರುಗುವ ದಂಡದ) ಕಾಲೆಟ್‌ನಲ್ಲಿರಲಿ, ಅದು ಕಟರನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಹಿಡಿಕೆ. ಮೂರು ದವಡೆಯ ಚಕ್‌ನಲ್ಲಿ ಕಟರ್ ಜಾರುತ್ತದೆ. ಮಧ್ಯ ಹುಡುಕಲು ಸುಲಭ ದಾರಿ ಇದೆ: ಸ್ಪಿಂಡಲ್‌ಗೆ ಮೊನೆ ಸೆಂಟರ್ ಹಾಕಿ, ಮೊನೆಗೂ ಶಾಫ್ಟ್‌ಗೂ ನಡುವೆ ತೆಳುವಾದ ಸ್ಟೀಲ್ ಸ್ಕೇಲ್ ಸಿಕ್ಕಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಮಧ್ಯ ಸಿಕ್ಕಿತು, ಓರೆಯಾದರೆ ಎತ್ತರ ಸರಿ ಮಾಡಿ. ಕಡಿಯುವಾಗ ಕ್ಯಾರೇಜ್ (ಲೇತ್‌ನ ಉದ್ದಕ್ಕೆ ಓಡುವ ಭಾಗ) ಲಾಕ್ ಮಾಡಲು ಮರೆಯಬೇಡಿ. ಆಳ ನೋಡಲು ಸ್ಲಾಟ್‌ನ ತಳದಿಂದ ಶಾಫ್ಟ್‌ನ ಎದುರು ಬದಿಗೆ ಅಳೆಯಿರಿ, 16.5 ಬರಬೇಕು.

ಪುಲ್ಲಿಯ ಒಳಗಿನ ಕೀವೇಗೆ ತಾಳ್ಮೆ ಬೇಕು. ಮೊದಲು ಮೋಟಾರ್‌ನ ಪ್ಲಗ್ ಕಿತ್ತುಬಿಡಿ. ಪುಲ್ಲಿಯನ್ನು ಚಕ್‌ನಲ್ಲಿ ಹಿಡಿದು, ಚಕ್ ತಿರುಗದಂತೆ ಮರದ ಬೆಣೆ ಕೊಡಿ. ಹಿಂದೆ ಟೂಲ್ ಹೊರಬರಲು ಜಾಗ ಇರಲಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲನ್ನು ಚೌಕ ಮೂತಿಗೆ ಮಸೆದು, ದಪ್ಪ ಬಾರ್‌ನಲ್ಲಿ ಸೆಂಟರ್ ಎತ್ತರಕ್ಕೆ ಸರಿಯಾಗಿ ಕೂರಿಸಿ. ಕೈಯಿಂದಲೇ ಕ್ಯಾರೇಜ್ ಹಿಂದೆ ಮುಂದೆ ಓಡಿಸುತ್ತಾ ಸಲಕ್ಕೆ 0.05 ಮಿ.ಮೀ. ಅಷ್ಟೇ ಕೊಡಿ. ವಾಪಸ್ ಬರುವಾಗ ಟೂಲ್ ಹಿಂದಕ್ಕೆ ತೆಗೆಯಿರಿ, ಇಲ್ಲದಿದ್ದರೆ ಮೂತಿ ಉಜ್ಜಿ ಮೊಂಡಾಗುತ್ತದೆ. ಬೀಡಿಗೆ ಎಣ್ಣೆ ಬೇಡ. ಇಲ್ಲೊಂದು ಸೂಕ್ಷ್ಮ ಇದೆ: ಬೋರ್ (ಪುಲ್ಲಿಯ ತೂತು) ಒಳಗೆ ಚಪ್ಪಟೆ ಟೂಲ್‌ನ ಎರಡು ಮೂಲೆ ಮೊದಲು ತಾಗುತ್ತವೆ, ಮಧ್ಯ ಇನ್ನೂ 0.46 ದೂರ ಇರುತ್ತದೆ. ಹಾಗಾಗಿ ತಾಗಿದಲ್ಲಿಂದ 2.8 ಎಣಿಸಿದರೆ ಆಳ ಕಡಿಮೆ ಬೀಳುತ್ತದೆ. ಡಯಲ್ ನಂಬುವ ಬದಲು ಎದುರು ಗೋಡೆಯಿಂದ ಅಳೆಯಿರಿ, 22.8 ಬಂದರೆ ಸಾಕು.

ಕೀಯನ್ನು ಕೊನೆಗೆ ಮಾಡಿ. ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನೇ. ಹೊರಗೆ ಹಿಡಿದು ಅರದಲ್ಲಿ ಉಜ್ಜಬಹುದಾದ ತುಂಡು ಅದೊಂದೇ ಅಲ್ವಾ? ಸ್ಲಾಟ್ 6.05 ಆಗಿಹೋಯಿತೇ, ಚಿಂತೆ ಬೇಡ, 8ರ ಬಾರ್‌ನಿಂದ 6.05ರ ಕೀ ಉಜ್ಜಿಕೊಳ್ಳಿ. ಪಕ್ಕಕ್ಕೆ ಮಾರ್ಕಿಂಗ್ ಬ್ಲೂ (ತಾಗುವ ಜಾಗ ತೋರಿಸುವ ನೀಲಿ ಬಣ್ಣ) ಸವರಿ, ಕೂರಿಸಿ, ತೆಗೆದು, ಬಣ್ಣ ಉಜ್ಜಿಹೋದ ಕಡೆ ಮಾತ್ರ ಅರ ಆಡಿಸಿ. ಹಿತ್ತಾಳೆ ಸುತ್ತಿಗೆಯ ಮೆಲ್ಲನೆ ಏಟಿಗೆ ಶಾಫ್ಟ್‌ನಲ್ಲಿ ಕೂರಬೇಕು, ಪುಲ್ಲಿ ಕೈಯಿಂದ ತಳ್ಳಿದರೆ ಏರಬೇಕು. ಕೀಯ ಚೂಪು ಅಂಚುಗಳನ್ನು ಅರದಿಂದ ಚೂರು ಉಜ್ಜಿ ಮೊಂಡು ಮಾಡಿ, ಇಲ್ಲವಾದರೆ ಮೂಲೆಗೆ ತಾಗಿ ತಳ ಮುಟ್ಟುವುದಿಲ್ಲ.

ಎತ್ತಿನ ಗಾಡಿಯ ಕಡಾಣಿ ಚಕ್ರ ಕಳಚದಂತೆ ತಡೆಯುತ್ತದೆ. ಈ ಕೀ ಆ ಕೆಲಸ ಮಾಡುವುದಿಲ್ಲ, ಇದು ತಿರುಗುವ ಬಲ ದಾಟಿಸುತ್ತದೆ ಅಷ್ಟೇ. ಪುಲ್ಲಿ ಪಕ್ಕಕ್ಕೆ ಸರಿಯದಿರಲು ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಬೇರೆ ಹಾಕಿ.

ಒಂದು ಗಂಟೆ ಓಡಿಸಿ, ಬಿಚ್ಚಿ ಕೀ ನೋಡಿ. ಬಲ ಬೀಳುವ ಪಕ್ಕ ಉದ್ದಕ್ಕೂ ಹೊಳೆಯುತ್ತಿದ್ದರೆ ಒಳ್ಳೆಯದು. ಒಂದೇ ತುದಿ ಹೊಳೆದರೆ ಎರಡರಲ್ಲಿ ಒಂದು ಕೀವೇ ಓರೆಯಾಗಿದೆ. ಹಾಗೇನಾದರೂ ಆದರೆ ಯಾವ ತುದಿ ಅಂತ ಬರೆಯಿರಿ, ಎಲ್ಲಿ ಅರ ಹಾಕಬೇಕು ಎಂದು ಹೇಳುತ್ತೇನೆ.