ಹಳೇ ಸ್ಲಾಷರ್ ಬ್ಲೇಡ್ ಬಗ್ಗೆ

ಅಣ್ಣಾ, ಚನ್ನಗಿರಿ ತೋಟದ ಹುಲ್ಲು-ಕಳೆ ಕತ್ತರಿಸೋ ಹಳೇ ಟ್ರಾಕ್ಟರ್ ಸ್ಲಾಷರ್‌ಗೆ ಬ್ಲೇಡ್ ಸಿಗ್ತಿಲ್ಲ, ಲಾರಿ ಕಮಾನ್ ಪಟ್ಟೀಲಿ ಮಾಡಿಸ್ಬೋದಾ ಅಂತ ಕೇಳಿದ್ರಲ್ಲ, ಮೊದ್ಲು ಹಳೇ ಬ್ಲೇಡ್ ಬಿಚ್ಕೊಂಡು ದಾವಣಗೆರೆ ಅಂಗಡಿಗಳಲ್ಲಿ ತೋರಿಸ್ರಿ, ಬೋಲ್ಟ್ ತೂತು, ದಪ್ಪ, ಉದ್ದ, ತಿರುಗೋ ದಿಕ್ಕು ಹೊಂದಿದ್ರೆ ಬೇರೆ ಕಂಪನೀದೂ ಕೂರುತ್ತೆ. ಸಿಗ್ಲಿಲ್ವಾ, ಕಮಾನ್ ಪಟ್ಟಿ ಒಳ್ಳೇ ಸ್ಟೀಲೇ, ಆದ್ರೆ ಬಿರುಕಿರೋದು ಬೇಡ. ಕುಲುಮೇಲಿ ಕಾಸಿ ಎಣ್ಣೇಲಿ ಅದ್ದಿದ್ಮೇಲೆ ಮತ್ತೆ ಸ್ವಲ್ಪ ಕಾಸಿ ಹದ ಇಳಿಸ್ಲೇಬೇಕು, ಇಲ್ಲಾಂದ್ರೆ ಕಲ್ಲು ತಾಗಿದ ಕೂಡ್ಲೇ ಗಾಜಿನ ಥರ ಸಿಡಿಯುತ್ತೆ. ಪಿಟಿಒ, ಅಂದ್ರೆ ಸ್ಲಾಷರ್ ಓಡಿಸೋ ಟ್ರಾಕ್ಟರ್ ಹಿಂದಿನ ಶಾಫ್ಟ್, ನಿಮಿಷಕ್ಕೆ 540 ಸುತ್ತಿದ್ರೆ ಗೇರ್‌ಬಾಕ್ಸ್ ಅದನ್ನ ಇನ್ನೂ ಏರಿಸುತ್ತೆ, ತುಂಡು ಹಾರಿದ್ರೆ ಪಕ್ಕದಲ್ಲಿ ಕೂಲಿಯೋರು ಇರ್ತಾರೆ ನೋಡ್ರಿ, ಅದಕ್ಕೇ ಮುರಿದ ಬ್ಲೇಡಿಗೆ ವೆಲ್ಡಿಂಗ್ ಬೇಡ್ವೇ ಬೇಡ. ಬ್ಲೇಡ್ ಎಲ್ಲಾ ಒಟ್ಟಿಗೇ ಬದಲಾಯ್ಸಿ, ತಕ್ಕಡೀಲಿಟ್ಟು ತೂಕ ಸಮ ಮಾಡ್ಸ್ರಿ, ಬೋಲ್ಟೂ ಹೊಸಾವು, ಸುಲಭಕ್ಕೆ ತುಂಡಾಗದ ಗಟ್ಟಿ ಹೈ ಟೆನ್ಸೈಲ್‌ವೇ ಹಾಕ್ರಿ.