ಕವರು ಅಂದರೆ ಲಕೋಟೆಯಲ್ಲ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಕಳೆದ ಸಂಚಿಕೆಯ ಕತೆ ಓದಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕತೆಯಲ್ಲಿ ಬರುವ ‘ಕವರು’, ‘ತರವಾಡು’ (ಕುಟುಂಬದ ಮೂಲಮನೆ), ‘ಆಧಾರ’ ಕನ್ನಡವಲ್ಲ, ಸಂಪಾದಕರು ತಿದ್ದಬೇಕಿತ್ತು ಎಂಬುದು ಅವರ ಒಂದು ತಕರಾರು. ಗಡಿನಾಡಿನ ಪತ್ರಿಕೆ ಭಾಷೆಯ ಕಾನೂನಿನ ಬಗ್ಗೆ ಬರೆಯಲಿ, ಆಸ್ತಿ ಜಗಳದ ಕತೆ ಯಾಕೆ ಎಂಬುದು ಇನ್ನೊಂದು.)

ಮಾಷ್ಟ್ರೇ, ನಮಸ್ಕಾರ.

ಮೊದಲು ಕವರಿನ ವಿಷಯ. ನಿಮ್ಮ ಮೊಮ್ಮಗಳು ಅದನ್ನು ಲಕೋಟೆ ಅಂದುಕೊಂಡಳಂತೆ. ಅವಳನ್ನು ಬೈಯಬೇಡಿ. ನಮ್ಮಲ್ಲಿ ಪುಟ ಕಟ್ಟುವ ಹುಡುಗನೂ ‘ಕವರಿನೊಳಗೆ ಎಂಟು ಜನ ಹೇಗೆ ಇರ್ತಾರೆ ಸಾರ್?’ ಅಂತ ಕೇಳಿದ್ದ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಕುಟುಂಬದಲ್ಲಿ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಕಡೆಯಿಂದ ಮುಂದುವರಿದವರು, ಇಷ್ಟೂ ಜನ ಸೇರಿದರೆ ಒಂದು ಕವರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಇಂಗ್ಲಿಷ್ ವಾಕ್ಯಗಳ ನಡುವೆ ಈ ಮಾತು ಹಾಗೇ ಕೂತಿದೆ. ಶಾಸನ ಬರೆದವರಿಗೇ ಬದಲಿ ಪದ ಸಿಗಲಿಲ್ಲ ನೋಡಿ! ಆಮೇಲೆ ಕೇರಳದಲ್ಲಿ 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬದ ಪದ್ಧತಿಯೇ ರದ್ದಾಯಿತು. ಕಾನೂನಿನಲ್ಲಿ ಕವರು ಹೋಯಿತು. ಹಳೆಯ ಪಾಲುಪತ್ರಗಳಲ್ಲಿ, ಅಜ್ಜಿಯರ ಬಾಯಲ್ಲಿ ಉಳಿಯಿತು. ನಾನು ಅದನ್ನು ತೆಗೆದು ‘ಶಾಖೆ’ ಅಂತ ಹಾಕಬಹುದಿತ್ತು. ಓದುವವರಿಗೆ ಬ್ಯಾಂಕಿನ ನೆನಪಾಗುತ್ತಿತ್ತು, ಅಷ್ಟೇ.

‘ಆಧಾರ’ವೂ ಹಾಗೆಯೇ. ಈಗ ಆಧಾರ ಅಂದರೆ ಕಾರ್ಡು. ಆದರೆ ಕೇರಳದ ರಿಜಿಸ್ಟ್ರಿ ಆಫೀಸಿನ ಎದುರು ಅದು ಜಾಗದ ದಸ್ತಾವೇಜು. ಕತೆಯ ಅಜ್ಜಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದು ಕಾರ್ಡಲ್ಲ ಅಂತ ಗೊತ್ತಾಗದಿದ್ದರೆ ಕತೆಯೇ ಹೋಯಿತು.

ನಿಜ ಹೇಳಬೇಕೆಂದರೆ, ಕನ್ನಡದೊಳಗೆ ಮಲಯಾಳದ ಮಾತು ಬಂದರೆ ನನಗೆ ಭಯವಿಲ್ಲ. ಬಂದದ್ದು ಗೊತ್ತಾಗುತ್ತದಲ್ಲ. ಎರಡೂ ಭಾಷೆಯಲ್ಲಿ ಒಂದೇ ಮುಖ ಇಟ್ಟುಕೊಂಡು ಬೇರೆ ಬೇರೆ ಅರ್ಥ ಹೇಳುವ ಮಾತುಗಳಿವೆ ನೋಡಿ, ನನಗೆ ಹೆದರಿಕೆ ಅವುಗಳದ್ದು. ನನ್ನ ಚಿಕ್ಕಮ್ಮನಿಗೆ ಒಮ್ಮೆ ಒಂದು ಕಚೇರಿಯಿಂದ ನೋಟೀಸು ಬಂತು. ಪೂರ್ತಿ ಮಲಯಾಳದಲ್ಲಿತ್ತು. ಅವರಿಗೆ ಆ ಲಿಪಿ ಬಾರದು. ಪಕ್ಕದ ಮನೆಯ ಹುಡುಗ ಗಟ್ಟಿಯಾಗಿ ಓದಿ ಹೇಳಿದ. ಚಿಕ್ಕಮ್ಮನ ಕಿವಿಗೆ ಬಿದ್ದದ್ದು ‘ಅವಕಾಶಿ’ ಎಂಬ ಒಂದೇ ಮಾತು. ‘ಓ, ನಮಗೂ ಒಂದು ಅವಕಾಶ ಕೊಡ್ತಾರಂತೆ, ನಿಧಾನಕ್ಕೆ ಹೋದರಾಯ್ತು’ ಅಂದುಕೊಂಡು ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರು. ಮಲಯಾಳದಲ್ಲಿ ಅವಕಾಶ ಅಂದರೆ ಹಕ್ಕು. ಅವಕಾಶಿ ಅಂದರೆ ಹಕ್ಕುದಾರ. ಇಂಥ ದಿನ ವಾರಸುದಾರರು ಬರಬೇಕು ಅಂತ ಕರೆದಿದ್ದರು. ದಿನ ದಾಟಿಹೋಯಿತು. ಅದನ್ನು ಸರಿಮಾಡಲು ನಾನು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎಂಟು ತಿಂಗಳು ಅಲೆದೆ.

‘ಅನುವಾದ’ ಇನ್ನೂ ತಮಾಷೆ. ನಮಗದು ಭಾಷಾಂತರ, ಮಲಯಾಳದವರಿಗೆ ಅನುಮತಿ. ನಾವು ಅರ್ಜಿ ಎನ್ನುವುದು ಅವರಿಗೆ ‘ಅಪೇಕ್ಷೆ’. ಸರಕಾರದ ಮುಂದೆ ನಮ್ಮ ಅರ್ಜಿ ಬರೀ ಆಸೆಯಾಗಿ ನಿಲ್ಲುವುದು ಕೆಲವೊಮ್ಮೆ ನಿಜವೂ ಹೌದು.

ಇನ್ನು ಕಾನೂನು. ನೀವು ಸಂವಿಧಾನದ 350ನೇ ವಿಧಿಯನ್ನು ಎತ್ತಿದ್ದೀರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು ಎನ್ನುತ್ತದೆ ಅದು, ಸರಿ. ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು ಅಂತ ಮಾತ್ರ ಅದರಲ್ಲಿಲ್ಲ. ಆ ಮಾತು ಇರುವುದು ಕೇರಳದ್ದೇ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ ಇಲಾಖೆಯ ಮುಖ್ಯಸ್ಥರಿಗೂ ತಾವಿರುವ ಪ್ರದೇಶದ ಸರಕಾರಿ ಕಚೇರಿಗಳಿಗೂ ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಮ್ಮವರು 350ನ್ನು ಭಾಷಣದಲ್ಲಿ ಹೇಳುತ್ತಾರೆ, ಇದನ್ನು ಕೌಂಟರಿನಲ್ಲಿ ಹೇಳುವುದಿಲ್ಲ. ಹಿಂದೆ ಕ್ಯೂ ಇರುತ್ತದೆ, ಮಧ್ಯಾಹ್ನದ ಬಸ್ಸು ತಪ್ಪುತ್ತದೆ, ಬರುವಷ್ಟು ಮಲಯಾಳದಲ್ಲಿ ಕೆಲಸ ಮುಗಿಸಿ ಬರುತ್ತೇವೆ. ನಾನೂ ಹಾಗೇ ಮಾಡಿದ್ದೇನೆ. (ತುಳು, ಬ್ಯಾರಿ ಆಡುವವರು ನಮ್ಮ ಈ ಗೋಳು ನೋಡಿ ನಗುತ್ತಿರಬಹುದು. ನಮಗೆ ಒಂದು ಕಾಯ್ದೆಯಾದರೂ ಇದೆ. ಸಪ್ತಭಾಷೆಗಳ ನಾಡು ಅಂತ ವೇದಿಕೆಯಲ್ಲಿ ಹೇಳುವಾಗ ಏಳನ್ನೂ ಎಣಿಸುತ್ತೇವೆ, ಅರ್ಜಿ ಬರೆಯುವಾಗ ಐದನ್ನು ಮರೆಯುತ್ತೇವೆ.)

ಆಸ್ತಿ ಜಗಳದ ಕತೆ ಹಾಕಿದ್ದು ಇದಕ್ಕೇ ಮಾಷ್ಟ್ರೇ. ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕು ಕಾಯ್ದೆಯಿಂದ ಬಂತು. ಅರ್ಜಿಯೊಳಗೆ ಇಡಬೇಕಾದ ಕನ್ನಡ ಎಲ್ಲಿಂದ ಬರಬೇಕು? ಕುಮ್ಕಿ, ಮೂಲಗೇಣಿ, ಚಾಲಗೇಣಿ, ತೀರ್ವೆ, ಎಲ್ಲ ಜಾಗ, ಗೇಣಿ, ಕಂದಾಯದ ಮಾತುಗಳು. ಬೆಂಗಳೂರಿನ ಪಠ್ಯಪುಸ್ತಕದಲ್ಲಿ ಇವನ್ನು ಹುಡುಕಿದರೆ ಸಿಗುವುದು ಕಷ್ಟ. ಇಲ್ಲಿಯ ಕತೆಗಾರರು ಬರೆಯದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಹಳೆಯ ದಾಖಲೆ ಓದಲು ನಮ್ಮ ಮಕ್ಕಳಿಗೇ ದುಭಾಷಿ ಬೇಕಾಗುತ್ತಾನೆ. ಹಾಗಂತ ಅರ್ಥ ಕೊಡಬಾರದು ಅಂತ ನನ್ನ ಹಟವೇನಿಲ್ಲ. ಕವರಿಗೆ ಒಂದು ಸಾಲಿನ ಟಿಪ್ಪಣಿ ಹಾಕಬೇಕಿತ್ತು. ಅದು ನಮ್ಮದೇ ತಪ್ಪು, ಒಪ್ಪಿದೆ.

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಮಾಡುತ್ತೇವೆ. ಮೂರನೇ ಪುಟದಲ್ಲಿ ‘ಕನ್ನಡದಲ್ಲಿ ಉತ್ತರ ಪಡೆಯಲು ನಮಗೆ ಪೂರ್ಣ ಅವಕಾಶವಿದೆ’ ಅಂತ ಬರೆದಿದ್ದೀರಿ. ಇದು ಕನ್ನಡದ ಅವಕಾಶವೋ ಮಲಯಾಳದ್ದೋ ಅಂತ ನಾವು ಆಫೀಸಿನಲ್ಲಿ ತುಂಬ ಹೊತ್ತು ಚರ್ಚೆ ಮಾಡಿದೆವು. ತಿದ್ದಿಲ್ಲ, ಹಾಗೇ ಬಿಟ್ಟಿದ್ದೇವೆ.

ಸಂ.